ಜಪಾನಿನ ಅಜ್ಜಿಗೆ ನಮ್ಮ ಅತ್ತೆಯ ದನಿ

ಆ ಚಿತ್ರದಲ್ಲಿ ಅಜ್ಜಿ ಮಾತಾಡುವುದು ಕಡಿಮೆ, ದುಡಿಯುವುದು ಹೆಚ್ಚು. ಭತ್ತದ ಹುಲ್ಲಿಗೆ ನೀರು ಚಿಮುಕಿಸಿ, ಎರಡು ಅಂಗೈಗಳ ನಡುವೆ ಹೊಸೆದು, ಊರ ಗುಡಿಗೆ ಕಟ್ಟುವ ದಪ್ಪ ಹಗ್ಗ ಮಾಡುತ್ತಾಳೆ. ಮರದ ತೊಟ್ಟಿಯಲ್ಲಿ ತೌಡಿನೊಳಗೆ ಮೂಲಂಗಿ ಹುಗಿದಿಡುತ್ತಾಳೆ. ನಡುನಡುವೆ ತಲೆ ಎತ್ತಿ ಒಂದು ಮಾತು ಆಡಿ, ಮತ್ತೆ ತನ್ನ ಕೈ ನೋಡುತ್ತಾಳೆ. ಆ ಮಾತುಗಳನ್ನು ಕನ್ನಡದಲ್ಲಿ ಬರೆದು, ಅವಳ ಬಾಯಿ ತೆರೆದಾಗ ತೆರೆದು, ಮುಚ್ಚಿದಾಗ ಮುಚ್ಚುವ ಹಾಗೆ ಹೇಳುವುದು ನನಗೆ ಬಂದ ಕೆಲಸ.

ಕೊಟ್ಟವಳು ಕಾನ್ವೆಂಟಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ. ಈಗ ಧಾರವಾಡದ ಒಂದು ಸಣ್ಣ ಸಂಸ್ಥೆಯಲ್ಲಿ ಸಂಪಾದಕಿ. ಬೇರೆ ಬೇರೆ ದೇಶಗಳ ಹಿರಿಯರು ಹೇಗೆ ಬದುಕುತ್ತಾರೆ ಎಂಬ ಚಿತ್ರಗಳನ್ನು ಕನ್ನಡಕ್ಕೆ ತಂದು ಮಹಿಳಾ ಸಂಘಗಳಲ್ಲಿ ತೋರಿಸುತ್ತಾರೆ. ಇದು ಜಪಾನಿನ ಒಂದು ಗುಡ್ಡದ ಹಳ್ಳಿಯ ಚಿತ್ರ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ತೋರಿಸಬೇಕು, ಈ ಕಡೆಯ ಮಾತಿನಲ್ಲೇ ಇರಬೇಕು ಅಂದಳು. “ನಿನಗೆ ಇಂಗ್ಲಿಷೂ ಬರುತ್ತೆ, ಊರ ಮಾತೂ ಬರುತ್ತೆ. ವಿವರಣೆಯ ದನಿ ನೀನೇ, ಅಜ್ಜಿಯ ದನಿಯೂ ನೀನೇ.”

ಫೋನಿಟ್ಟ ಮೇಲೆ ನಾನು ಆಗಲೇ ಒರೆಸಿದ್ದ ಒಲೆಯ ಕಟ್ಟೆಯನ್ನು ಇನ್ನೊಮ್ಮೆ ಒರೆಸಿದೆ. ಮನೆಯಲ್ಲಿ ಯಾರಿಗೂ ಕೂಡಲೇ ಹೇಳಲಿಲ್ಲ. ಸ್ವಲ್ಪ ಹೊತ್ತು ಅದು ನನ್ನೊಬ್ಬಳದೇ ಆಗಿರಲಿ ಅನ್ನಿಸಿತು.

ಯಾಕೆಂದರೆ ನಮ್ಮ ಮನೆಯಲ್ಲಿ ಉಳಿದದ್ದೆಲ್ಲ ಅತ್ತೆಯದು. ಗೇಟಿನ ಚಿಲಕ ಸದ್ದಾಯಿತೆಂದರೆ ನಾನು ಹೋಗುತ್ತೇನೆ. ಬಂದವರು ನನ್ನ ಭುಜದ ಮೇಲಿಂದ ಒಳಗೆ ನೋಡುತ್ತ ಕೇಳುತ್ತಾರೆ, “ಅವ್ವಾರು ಅದಾರೇನ್ರೀ?” ಓಣಿಯ ಕೂಸಿಗೆ ನೀರೆರೆಯಲು ಅತ್ತೆ ಬೇಕು. ಮದುವೆ ಮನೆಯಲ್ಲಿ ಹುಗ್ಗಿಯ ಹದ ನೋಡಲು ಅತ್ತೆ ಬೇಕು. ಅಕ್ಕಪಕ್ಕದವರು ಜಗಳವಾಡಿದರೆ ಇಬ್ಬರೂ ನಮ್ಮ ಕಟ್ಟೆಗೇ ಬರುತ್ತಾರೆ. ಗೊಬ್ಬರದ ಅಂಗಡಿ ನಡೆಸುವ ನನ್ನ ಗಂಡ ಕೂಡ ಹೊಸ ಮಾಲು ತರಿಸುವ ಮುಂಚೆ, “ಅವ್ವಾ, ಏನಂತೀ?” ಎಂದು ಕೇಳಿಯೇ ಹೊರಡುತ್ತಾರೆ. ನಾನು ಚಹಾ ಮಾಡುತ್ತೇನೆ. ಯಾರದೋ ಮಾತಿಗೆ ಬೇಕಾದ ಚಹಾ. ನನ್ನ ಮಗಳ ಮದುವೆಯಾಗಿ, ನನ್ನ ಕನ್ನಡಕದ ನಂಬರು ಎರಡು ಸಲ ಬದಲಾದರೂ, ಊಟದ ಹೊತ್ತಿಗೆ ಅನ್ನದ ಪಾತ್ರೆಯ ಮುಂದೆ ಕೂರುವವರು ಅವರೇ. ಬೇಯಿಸುವವಳು ನಾನು, ಬಡಿಸುವವರು ಅವರು. ಅಕ್ಕಿ, ಬೇಳೆ ಇಡುವ ಕೋಣೆಯ ಕೀಲಿಕೈ ಅವರ ಸೊಂಟದಲ್ಲಿ.

ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕೆಟ್ಟವರಾಗಿದ್ದರೆ ಹೊಟ್ಟೆಕಿಚ್ಚು ಪಡುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಬರೆಯುವ ಕೆಲಸ ಚೆನ್ನಾಗಿಯೇ ನಡೆಯಿತು. ಜಪಾನಿ ಮಾತಿನ ಚಿತ್ರ, ಪಕ್ಕದಲ್ಲಿ ಇಂಗ್ಲಿಷ್ ಅನುವಾದ, ಯಾವ ಮಾತು ಎಲ್ಲಿ ಶುರು, ಎಲ್ಲಿ ಕೊನೆ ಎಂಬ ಗುರುತು, ಇಷ್ಟು ಕೊಟ್ಟಿದ್ದರು. ಮೊದಮೊದಲು ಇಂಗ್ಲಿಷಿನ ಹಿಂದೆ ಹೋಗಿ ಎಡವಿದೆ. ಆಮೇಲೆ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಅಜ್ಜಿಯ ಮುಖ ನೋಡಿದೆ. ಅವಳು ಮಾತಿನ ಕೊನೆಯ ಪದಕ್ಕೆ ಬಂದಾಗ ಸಣ್ಣಗೆ ತಲೆಯಾಡಿಸುತ್ತಾಳೆ. ಅವರಲ್ಲೂ ನಮ್ಮ ಹಾಗೆಯೇ ಕ್ರಿಯಾಪದ ಮಾತಿನ ಕೊನೆಗೆ ಬರುತ್ತದೆ. ಕನ್ನಡದಲ್ಲಿ ನೇರ ಹೇಳಿದರೆ ನಮ್ಮ ‘ಹಾಕು’, ‘ಕಟ್ಟು’, ‘ಬಾ’ ಎಲ್ಲ ಸರಿಯಾಗಿ ಆ ತಲೆಯಾಟದ ಮೇಲೆ ಬಂದು ಕೂರುತ್ತವೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂದು ಸಾರಿಗೆ ಒಗ್ಗರಣೆ ಹಾಕುತ್ತ ಒಬ್ಬಳೇ ನಕ್ಕೆ.

ಮಾದರಿಯನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಬೇಕಿತ್ತು. ಮಲಗುವ ಕೋಣೆಯ ಕಿಟಕಿಗೆ ಕೌದಿ ಇಳಿಬಿಟ್ಟೆ. ಫ್ಯಾನ್ ನಿಲ್ಲಿಸಿದೆ. ಅಲ್ಮಾರಿಯ ಬಾಗಿಲು ತೆರೆದು ಸೀರೆಗಳ ಕಡೆ ಮುಖ ಮಾಡಿ ಕೂತೆ. ಬಟ್ಟೆ ಇದ್ದಲ್ಲಿ ದನಿ ಗುಂಯ್‌ಗುಡುವುದಿಲ್ಲ ಎಂದು ಗೆಳತಿ ಹೇಳಿದ್ದಳು. ಪಕ್ಕದ ಮನೆಯ ಬೋರಿನ ಮೋಟಾರು ನಿಂತ ಹೊತ್ತು ನೋಡಿ ವಿವರಣೆ ಓದಿದೆ, ಅಜ್ಜಿಯ ಮಾತು ಹೇಳಿದೆ, ಕಳಿಸಿದೆ.

ಗೆಳತಿಯ ಫೋನು ಬಂತು. “ವಿವರಣೆ ತುಂಬಾ ಚೆನ್ನಾಗಿದೆ ಕಣೇ. ಅಜ್ಜಿ ಮಾತ್ರ... ಸಿಟ್ಟಾಗಬೇಡ. ಬೆಳಗಿನ ಅಸೆಂಬ್ಲಿಯಲ್ಲಿ ಪ್ರಾರ್ಥನೆ ಓದಿದ ಹಾಗಿದೆ.”

ಅವಳು ಹೇಳಿದ್ದು ನಿಜ. ಪ್ರತಿ ಪದದ ಕೊನೆಯ ಅಕ್ಷರ ಪೂರ್ತಿ ಕೇಳಬೇಕು ಎಂದು ಸಿಸ್ಟರು ನಮ್ಮನ್ನು ತಿದ್ದಿದ್ದರು. ಅದು ಇವತ್ತಿಗೂ ನಾಲಿಗೆ ಬಿಟ್ಟಿಲ್ಲ. ಗಂಟಲು ಒತ್ತಿ ಹೇಳಿದೆ. ಬಾಯಲ್ಲಿ ಅಡಿಕೆ ಚೂರಿಟ್ಟುಕೊಂಡು ಹೇಳಿದೆ. ಬೆನ್ನು ಬಾಗಿಸಿ ಹೇಳಿದೆ. ಹೀಗೆ ಬಾಗಿ ಕೂತಿದ್ದಾಗಲೇ ಅತ್ತೆ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲಿ ಬಂದು ನಿಂತರು.

“ಏನಬೇ, ನೆಗಡಿ ಬಂದೈತೇನು? ಅದ್ಯಾಕ ಹಂಗ ಆವಾಜ್ ತೆಗ್ಯಾಕತ್ತಿ?”

“ಏನಿಲ್ಲ ರೀ ಅತ್ತ್ಯಾರ. ಈ ಮುದುಕಿ ಮಾತು ಹೇಳಾಕತ್ತೀನಿ.”

ಅವರು ಲ್ಯಾಪ್‌ಟಾಪಿನ ಪರದೆ ನೋಡಿದರು. ಹಗ್ಗದ ಒಂದು ತುದಿಯನ್ನು ಯಾರೋ ಗಂಡಸು ಸಡಿಲವಾಗಿ ಹಿಡಿದಿದ್ದ, ಅಜ್ಜಿ ಅವನನ್ನು ಗದರುತ್ತಿದ್ದಳು. ಅತ್ತೆ ಸೆರಗು ಸರಿಮಾಡಿಕೊಂಡು ಪರದೆಯೊಳಗಿನ ಆ ಗಂಡಸಿಗೇ ಹೇಳಿದರು, “ಏ ತಮ್ಮಾ, ಬಿಗಿ ಹಿಡಿಯೋ! ಹಾವು ಹಿಡ್ದಂಗ ಹಿಡ್ದಾನ ನೋಡು.” ಹೇಳಿ ಒಳಗೆ ಹೋದರು.

ರೆಕಾರ್ಡಿಂಗ್ ಇನ್ನೂ ನಡೆಯುತ್ತಲೇ ಇತ್ತು. ಕೊನೆಯ ಆ ತುಂಡು ಕತ್ತರಿಸದೆ ಹಾಗೇ ಕಳಿಸಿಬಿಟ್ಟೆ. ಗೆಳತಿ ಮತ್ತೆ ಫೋನು ಮಾಡಿದಾಗ ನನ್ನ ಹೊಸ ಮಾದರಿಯ ಸುದ್ದಿಯೇ ಎತ್ತಲಿಲ್ಲ.

“ಕೊನೆಯಲ್ಲಿ ಮಾತಾಡಿದ್ದು ಯಾರು?”

“ನಮ್ಮ ಅತ್ತೆ.”

“ಅವರೇ ಕಣೇ ಅಜ್ಜಿ!”

ಇದೂ ಹೋಯಿತು ಅಂದುಕೊಂಡೆ. “ಕೇಳ್ತೀನಿ” ಎಂದೆ, ಬಹಳ ಮೃದುವಾಗಿ, ಪದದ ಕೊನೆಯ ಅಕ್ಷರ ಪೂರ್ತಿ ಕೇಳುವ ಹಾಗೆ.

ಅತ್ತೆಯನ್ನು ಒಪ್ಪಿಸಲು ಏನೂ ಕಷ್ಟಪಡಬೇಕಾಗಲಿಲ್ಲ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಹರಡಿತ್ತು. ಗಂಡ ಅಂಗಡಿಯಿಂದ ಬಂದವರೇ, “ಅವ್ವಗ ಜಪಾನಿನಿಂದ ಕರಿ ಬಂದೈತಂತಲ್ಲ!” ಎಂದು ನಕ್ಕರು. ನನಗೆ ಕೆಲಸ ಬಂತೆಂದು ಹೇಳಿದಾಗ ಇದೇ ಗಂಡ, “ಹೌದೇನು? ಚಲೋ ಆತು” ಎಂದು ಪೇಪರು ತಿರುವಿದ್ದರು.

ರೆಕಾರ್ಡಿಂಗಿಗೆ ಲಿಂಗಸುಗೂರಿನಲ್ಲಿ ಒಂದು ಸ್ಟುಡಿಯೋ ಗೊತ್ತಾಯಿತು. ಹೊರಡುವ ದಿನ ಅತ್ತೆ ಇಳಕಲ್ ಸೀರೆ ಉಟ್ಟು ತಯಾರಾದರು.

“ಬರೇ ಆವಾಜ್ ತಗೋತಾರ ರೀ. ಸೀರಿ ಯಾರಿಗೆ ಕಾಣ್ತೈತಿ?”

“ನಿನಗೇನ್ ಗೊತ್ತು? ಚಲೋ ಸೀರಿ ಉಟ್ರ ಆವಾಜೇ ಬ್ಯಾರೆ ಬರ್ತೈತಿ.”

ಸ್ಟುಡಿಯೋ ಒಂದು ಮೊಬೈಲ್ ಅಂಗಡಿಯ ಮಾಳಿಗೆಯಲ್ಲಿತ್ತು. ಆಟೋಗಳಲ್ಲಿ ಕೂಗುವ ಪ್ರಚಾರ, ಮದುವೆ ಹಾಡು, ಭಜನೆ, ಎಲ್ಲ ಅಲ್ಲೇ ಆಗುತ್ತವೆ. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದರು. ಅತ್ತೆ ಅದನ್ನು ನೋಡಿ ಬಾಗಿಲಲ್ಲೇ ನಿಂತರು. “ತತ್ತಿ ಇಟ್ಟಿದ್ದ ಕಾಗದ ರೀ, ತತ್ತಿ ಇಲ್ಲ” ಎಂದು ಮಾಲೀಕರು ಕೈ ಮುಗಿದು ಸಮಾಧಾನ ಮಾಡಿದ ಮೇಲೆ ಒಳಗೆ ಬಂದರು. ನಡುವಯಸ್ಸಿನ ಆ ಮನುಷ್ಯನಿಗೆ ತಾಳ್ಮೆ ಬಹಳ.

ಅತ್ತೆಗೆ ಓದಲು ಬರುವುದಿಲ್ಲ. ಅದಕ್ಕೆ ಒಂದು ಕ್ರಮ ಕಟ್ಟಿಕೊಂಡೆವು. ಹೆಡ್‌ಫೋನು ನನ್ನ ಕಿವಿಗೆ. ಜಪಾನಿ ಮಾತು ನನಗೆ ಮಾತ್ರ ಕೇಳಬೇಕು. ಮೊದಲು ನಾನು ಸಣ್ಣ ದನಿಯಲ್ಲಿ ಕನ್ನಡದ ಮಾತು ಹೇಳುವುದು, ಅತ್ತೆ ಅದನ್ನು ಬಾಯಲ್ಲಿ ತಿರುವಿಕೊಳ್ಳುವುದು. ಆಮೇಲೆ ಚಿತ್ರ ಓಡಿಸಿ, ಅಜ್ಜಿ ಬಾಯಿ ತೆರೆಯುವಾಗ ನಾನು ಅಂಗೈ ಎತ್ತುವುದು, ಅತ್ತೆ ಶುರು ಮಾಡುವುದು. ಕೈ ಇಳಿಸುವುದರೊಳಗೆ ಮಾತು ಮುಗಿಯಬೇಕು. ಅವರ ಪಾಟ್ಲಿ ಬಳೆಗಳು ಕಿಣಿಕಿಣಿ ಅನ್ನುತ್ತಿದ್ದವು. ತೆಗೆಯಲು ಒಪ್ಪಲಿಲ್ಲ, ನನ್ನ ಕರವಸ್ತ್ರ ಸುತ್ತಿ ಕಟ್ಟಿದೆ.

“ಅಮ್ಮಾರ, ಮೈಕ್ ಕಡೆ ನೋಡಿ ಮಾತಾಡ್ರಿ,” ಎಂದರು ಮಾಲೀಕರು.

“ಅದಕ್ಕ ಕಣ್ಣದಾವೇನು? ನಾ ಈಕಿ ಮಾರಿ ನೋಡಿ ಮಾತಾಡ್ತೀನಿ. ನಿನ್ನ ಮೈಕ್ ನಡುವ ಇಡು.”

ಮೈಕು ನಡುವೆ ಬಂತು. ಜಪಾನಿನ ಅಜ್ಜಿ ಮಗನಿಗೆ ಬೈದದ್ದು, ಮೊಮ್ಮಗಳಿಗೆ ಮುದ್ದು ಮಾಡಿದ್ದು, ನೆರೆಯವಳನ್ನು ಛೇಡಿಸಿದ್ದು ಎಲ್ಲವನ್ನೂ ಅತ್ತೆ ನನ್ನ ಮುಖ ನೋಡಿಯೇ ಹೇಳಿದರು. ಎಷ್ಟು ಸಲೀಸಾಗಿ ಬಂತೆಂದರೆ ಮಾಲೀಕರು ಗಾಜಿನ ಹಿಂದೆ ತಲೆದೂಗುತ್ತಿದ್ದರು. ನನ್ನ ವಾಕ್ಯ, ನಾನು ಅಳೆದು ಕೂರಿಸಿದ ಪದ. ಅವರ ಬಾಯಿಗೆ ಹೋಗಿ ಬಂದದ್ದೇ ತಡ, ಅವರದೇ ಆಗಿಬಿಡುತ್ತಿತ್ತು.

ಒಂದು ಕಡೆ ಚಿತ್ರ ತೆಗೆದವರು ಅಜ್ಜಿಯನ್ನು ಕೇಳುತ್ತಾರೆ, ಬೆಳಿಗ್ಗೆ ಏಳುವುದು ಯಾತಕ್ಕೆ ಅನ್ನಿಸುತ್ತದೆ ಎಂದು. ಅವರ ಭಾಷೆಯಲ್ಲಿ ಅದಕ್ಕೊಂದು ಹೆಸರಿದೆ, ಇಕಿಗಾಯ್. ನಾನು ಅದಕ್ಕಾಗಿ ಬಹಳ ತಲೆ ಕೆಡಿಸಿಕೊಂಡು ‘ಬಾಳಿನ ಗುರಿ’ ಎಂದೆಲ್ಲ ಬರೆದು ಹೊಡೆದುಹಾಕಿದ್ದೆ. ಅತ್ತೆಗೆ ಪ್ರಶ್ನೆ ಹೇಳಿದಾಗ ಕಣ್ಣರಳಿಸಿದರು. “ಏಳಾಕ ಕಾರಣ ಕೇಳ್ತಾರೇನು? ಬಾಗಲ ಬಡಿತಾರ, ಏಳ್ತೀವಿ.”

ಯಾರ ಬಾಗಿಲು ಯಾರಿಗಾಗಿ ಬಡಿಯುತ್ತಾರೆ ಎಂದು ನನಗೆ ಗೊತ್ತಿತ್ತು. ಅಜ್ಜಿಯ ಉತ್ತರ ಹೇಳಿಕೊಟ್ಟು ಅಂಗೈ ಎತ್ತಿದೆ.

ಕೆಲಸದಲ್ಲಿ ನಾವು ಮಾಡಿದ ಒಂದು ತಪ್ಪು ಆಗ ತಪ್ಪೆಂದು ಕಾಣಲಿಲ್ಲ. ಮದುವೆ ಹಾಡಿನ ಹೆಣ್ಣುಮಕ್ಕಳಿಗೆ ಮಾಡಿಸುವ ಹಾಗೆ, ಮೊದಲು ಚಿಕ್ಕ ಚಿಕ್ಕ ಮಾತು, ದೊಡ್ಡ ಮಾತು ಕೊನೆಗೆ ಎಂದು ಮಾಲೀಕರು ಹೇಳಿದರು. ಬಾಯಿ ಪಳಗುತ್ತದೆ ಎಂದು ನಾನೂ ಒಪ್ಪಿದೆ. ಹೀಗಾಗಿ ಅತ್ತೆಗೆ ಕಥೆ ತುಂಡುತುಂಡಾಗಿ, ಹಿಂದುಮುಂದಾಗಿ ಸಿಕ್ಕಿತು. ಕಟ್ಟಕಡೆಗೆ ಉಳಿದದ್ದು ಎಲ್ಲಕ್ಕಿಂತ ಉದ್ದನೆಯ ಮಾತು.

ಆ ದೃಶ್ಯ ಹೀಗಿದೆ. ವರ್ಷದ ಕೊನೆಯ ದಿನ. ಅಜ್ಜಿ ಅನ್ನದ ಪಾತ್ರೆಯ ಮುಂದೆ ಕೂತು ಸೊಸೆಯನ್ನು ಕರೆಯುತ್ತಾಳೆ. ಸೊಸೆಗೂ ತಲೆ ನರೆತಿದೆ. ಅನ್ನ ಬಡಿಸುವ ಮರದ ಸಟ್ಟುಗವನ್ನು ಅಜ್ಜಿ ಎರಡೂ ಕೈಯಲ್ಲಿ ಹಿಡಿದು ಅವಳ ಕೈಗೆ ಕೊಡುತ್ತಾಳೆ. ಆ ಊರಿನಲ್ಲಿ ಅದು ಹಿಂದಿನಿಂದ ನಡೆದುಬಂದದ್ದು. ಸಟ್ಟುಗ ಕೈ ಬದಲಾಯಿಸಿದರೆ ಮನೆಯ ಯಜಮಾನಿಕೆ ಕೈ ಬದಲಾಯಿಸಿದಂತೆ. ಕೊಡುತ್ತಾ ಅವಳು ಹೇಳುವ ಮಾತು, “ಈ ಮನಿಗೆ ಸೊಸಿಯಾಗಿ ಬಂದು ಇಷ್ಟು ವರ್ಷ ನನ್ನ ಕೈಯಾಗಿಂದ ಉಂಡಿ. ಇವತ್ತಿನಿಂದ ಇದು ನಿಂದು. ಯಾರಿಗೆ ಎಷ್ಟು ಅನ್ನೋದು ನೀನ ನೋಡ್ಕೋ.”

ಇಡೀ ಚಿತ್ರದಲ್ಲಿ ನಾನು ಒಂದು ಅಕ್ಷರವನ್ನೂ ಹೊಡೆದುಹಾಕದೆ ಒಂದೇ ಏಟಿಗೆ ಬರೆದ ಮಾತು ಅದೊಂದೇ.

ನಾನು ಅದನ್ನು ಅತ್ತೆಗೆ ಹೇಳಿಕೊಟ್ಟೆ. ಅವರು ಬಾಯಲ್ಲಿ ತಿರುವಿಕೊಳ್ಳಲಿಲ್ಲ.

“ಇದನ್ನ ನಾ ಅನ್ನಂಗಿಲ್ಲ.”

“ಯಾಕ್ರೀ?”

“ಕೈಕಾಲು ಗಟ್ಟಿ ಅದಾವ ಆಕಿವು. ಅಷ್ಟು ದಪ್ಪ ಹಗ್ಗ ಹೊಸಿತಾಳ. ಅನ್ನ ಬಡಸಾಕ ಏನಾಗೈತಿ ಆಕಿಗೆ?”

“ಅದು ಚಿತ್ರ ರೀ ಅತ್ತ್ಯಾರ.”

“ಚಿತ್ರ ಅವರದಿರಬೋದು. ಆವಾಜ್ ನಂದೈತಲ್ಲ.” ಬಳೆಗೆ ಕಟ್ಟಿದ್ದ ಕರವಸ್ತ್ರ ಬಿಚ್ಚಿ ನನ್ನ ತೊಡೆಯ ಮೇಲಿಟ್ಟರು. “ಬಸ್ ಸಿಗ್ತೈತೇನು ನೋಡು.”

ಸಿಂಧನೂರಿನ ಬಸ್ಸು ಹತ್ತಿದೆವು. ಮಸ್ಕಿ ದಾಟುವವರೆಗೂ ಅವರು ಕಿಟಕಿಯ ಕಡೆ, ನಾನು ಅವರ ಸೊಂಟದ ಕೀಲಿಕೈ ಕಡೆ ನೋಡುತ್ತ ಬಂದೆವು.

ಆಮೇಲೆ ಕೇಳಿದಾಗಲೆಲ್ಲ ಅತ್ತೆಗೆ ಗಂಟಲು ನೋವು. ಬಂದವರ ಜೊತೆ ಕಟ್ಟೆಯ ಮೇಲೆ ಮಾತಾಡುವಾಗ ಇಲ್ಲದ ಗಂಟಲು ನೋವು ಲಿಂಗಸುಗೂರು ಅಂದ ಕೂಡಲೇ ಬರುತ್ತಿತ್ತು. ಗಂಡನಿಗೆ ಹೇಳಿದೆ. “ನಿಮ್ಮಿಬ್ಬರ ನಡುವ ನಾ ಬರಂಗಿಲ್ಲ ನೋಡು,” ಎಂದು ಸ್ಕೂಟರು ಹತ್ತಿದರು. ಇತ್ತ ಮಸ್ಕಿಯಲ್ಲಿ ಮೊದಲ ಪ್ರದರ್ಶನ ಗೊತ್ತಾಗಿಬಿಟ್ಟಿತ್ತು. ಆ ಮಾತನ್ನು ಬಿಡೋಣವೆಂದರೆ ಅಜ್ಜಿಯ ಬಾಯಿ ಪರದೆಯ ತುಂಬ ಕಾಣುತ್ತದೆ. ನಾನೇ ಹೇಳಿ ನೋಡಿದೆ. ಗೆಳತಿ ಕೇಳಿ, “ಒಳಗಿಂದ ಬೇರೆ ಯಾರೋ ಮಾತಾಡಿದ ಹಾಗಿದೆ” ಎಂದಳು. ಈ ಮಾತು ಸರಿಹೋಗದಿದ್ದರೆ ಇಡೀ ಅಜ್ಜಿಯನ್ನು ಧಾರವಾಡದ ನಾಟಕದವರೊಬ್ಬರಿಂದ ಮೊದಲಿನಿಂದ ಮಾಡಿಸಬೇಕಾಗುತ್ತದೆ, ಮಾತನ್ನೂ ಅವರ ಬಾಯಿಗೆ ತಕ್ಕಂತೆ ತಿದ್ದಬೇಕಾಗುತ್ತದೆ ಎಂದೂ ಹೇಳಿದಳು. ನಾನು ಕೂರಿಸಿದ ಒಂದೊಂದು ಪದವೂ ಆಗ ಹೋದಂತೆಯೇ.

ನಾನೊಬ್ಬಳೇ ಲಿಂಗಸುಗೂರಿಗೆ ಹೋದೆ. ಮಾಲೀಕರು ವಿಷಯ ಕೇಳಿ, “ಇಷ್ಟಕ್ಕ ಯಾಕ ಚಿಂತಿ ರೀ ಅಕ್ಕಾರ?” ಎಂದರು. ಅತ್ತೆ ಹೇಳಿದ ಬೇರೆ ಮಾತುಗಳೆಲ್ಲ ಅವರಲ್ಲಿ ಇದ್ದವಲ್ಲ. ‘ಇವತ್ತಿನಿಂದ’ ಎಂಬುದನ್ನು ಭತ್ತದ ನಾಟಿಯ ಮಾತಿನಿಂದ ತೆಗೆದರು. ‘ಇದು ನಿಂದು’ ಎಂಬುದನ್ನು ಮೊಮ್ಮಗಳಿಗೆ ಹಣ್ಣು ಕೊಡುವ ಮಾತಿನಿಂದ. ‘ನನ್ನ ಕೈಯಾಗಿಂದ’ ಉಪ್ಪಿನಕಾಯಿಯ ಮಾತಿನಲ್ಲಿತ್ತು. ಇಲ್ಲದ ಪದಗಳಿಗೆ ಹತ್ತಿರದ ಪದ ಹುಡುಕಿ, ಎಳೆದು, ಜೋಡಿಸಿ ಒಂದು ಗುಂಡಿ ಒತ್ತಿದರು.

ಅತ್ತೆಯ ದನಿ ಕೋಣೆಯಲ್ಲಿ ಹೇಳಿತು, ಇವತ್ತಿನಿಂದ ಇದು ನಿಂದು.

“ಇನ್ನೊಮ್ಮೆ ಹಚ್ರಿ,” ಎಂದೆ. ಹಚ್ಚಿದರು. ಆ ದನಿಯಲ್ಲಿ ಆ ಮಾತು ಕೇಳಲು ನಾನು ಎಷ್ಟು ಹಸಿದಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿದೆ. ಆಗ ಒಂದು ಸಣ್ಣ ವಿಷಯ ಗಮನಕ್ಕೆ ಬಂತು. ಪದಗಳ ನಡುವೆ ಉಸಿರಿಲ್ಲ. ಅತ್ತೆ ದೊಡ್ಡ ಮಾತು ಹೇಳುವ ಮುಂಚೆ ಮೂಗಿನಿಂದ ಒಮ್ಮೆ ಉಸಿರೆಳೆದುಕೊಂಡು ನನ್ನ ಮುಖ ನೋಡುತ್ತಾರೆ. ಬೇರೆಲ್ಲ ಮಾತುಗಳನ್ನು ಅವರು ನನಗೆ ಹೇಳಿದ್ದರು, ಬೈಗುಳವಾದರೂ ಸರಿ. ಇದನ್ನು ಯಾರಿಗೂ ಹೇಳಿರಲಿಲ್ಲ.

“ಅಳಿಸಿಬಿಡ್ರಿ.”

“ಅಯ್ಯ! ಇಷ್ಟು ಬರೋಬರಿ ಕುಂತೈತಲ್ರೀ?”

“ಬ್ಯಾಡ್ರಿ. ಇದು ಯಾರಿಗೂ ಅಂದ ಮಾತಲ್ಲ.”

ಅವರು ನನ್ನ ಮುಖ ನೋಡಿ, ತಲೆ ಕೆರೆದುಕೊಂಡು, ಅಳಿಸಿದರು. ಅಳಿಸಲು ಮಾತುಗಳ ಸಾಲನ್ನು ಪರದೆಯ ಮೇಲೆ ತೆಗೆದಾಗ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಟ್ಟದ್ದು ಕಂಡಿತು. ಸಟ್ಟುಗದ ಮಾತು ತಳದಲ್ಲಿತ್ತು, ಎಲ್ಲಕ್ಕಿಂತ ಕೊನೆಗೆ. ಚಿತ್ರದಲ್ಲಿ ಅದು ಕೊನೆಯದಲ್ಲ. ಅರ್ಧಕ್ಕೂ ಮುಂಚೆ ಬರುತ್ತದೆ. ನನಗದು ಗೊತ್ತು, ಅತ್ತೆಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಹೇಳಿಕೊಟ್ಟದ್ದನ್ನು ಅವರು ಆ ಅಜ್ಜಿಯ ಕೊನೆಯ ಮಾತೆಂದೇ ತಿಳಿದಿರಬೇಕು.

ಮರುದಿನ ಊಟವಾದ ಮೇಲೆ ಚಿತ್ರವನ್ನು ಟಿವಿಗೆ ಹಾಕಿದೆ. “ಗಂಟಲು ನೋವಿದ್ರ ಮಾತಾಡಬ್ಯಾಡ್ರಿ. ಸುಮ್ಮನ ನೋಡ್ರಿ,” ಎಂದು ಪಕ್ಕದಲ್ಲಿ ಕೂತು ಮೊದಲಿನಿಂದ ಅರ್ಥ ಹೇಳುತ್ತ ಹೋದೆ. ಸಟ್ಟುಗದ ದೃಶ್ಯ ಬಂದಾಗ ಅತ್ತೆ ಮುಖ ಆಚೆ ತಿರುಗಿಸಿದರು. ಚಿತ್ರ ಮುಂದೆ ಓಡಿತು. ಅಲ್ಲಿ ಮರುದಿನ ಬೆಳಿಗ್ಗೆ ಅಜ್ಜಿ ಹುಲ್ಲಿನ ಕಟ್ಟು ಹೊತ್ತು ಮನೆಯಿಂದ ಹೊರಬೀಳುತ್ತಾಳೆ.

“ಇದ್ಯಾರು? ಆಕೀನ ಏನು? ಸತ್ತಿಲ್ಲೇನು ಹಂಗಾರ?”

“ಇಲ್ಲ ರೀ.”

“ಸಾಯೋ ಮುಂದ ಅನ್ನೋ ಮಾತು ಅಂತ ಮಾಡಿದ್ದೆ ನಾ!”

ಅಜ್ಜಿ ಗುಡಿಯ ಅಂಗಳಕ್ಕೆ ಹೋಗುತ್ತಾಳೆ. ಅಲ್ಲಿ ಊರ ಹಿರಿಯರು ವಯಸ್ಸಿನ ಸಾಲಿನಲ್ಲಿ ಕೂತಿರುತ್ತಾರೆ, ನಡುವೆ ಅವಳಿಗೊಂದು ಜಾಗ. ಗುಡಿಯ ಹಗ್ಗ ಹೊಸೆಯುವುದು ಅವರ ಪಾಲಿನದು. ಸಸಿ ಯಾವತ್ತು ಕೀಳಬೇಕು ಎಂದು ಹೇಳುವವರೂ ಅವರೇ. ಹುಡುಗಿಯರು ನಾಟಿಯ ಹಾಡು ಕಲಿಯಲು ಅವಳನ್ನು ಸುತ್ತಿಕೊಳ್ಳುತ್ತಾರೆ.

“ಆ ಜಾಗಾ ಮೊದಲ ಖಾಲಿ ಇತ್ತೇನು?”

“ಇತ್ತ್ರೀ. ಈಕಿ ಅಡಗಿಮನಿ ಬಿಟ್ಟು ಬಂದಿದ್ದಿಲ್ಲ.”

ಅತ್ತೆ ಟಿವಿಯ ಹತ್ತಿರ ಸರಿದು ಕೂತರು. ಆಮೇಲೆ, “ಹಿಂದಕ ಒಯ್ಯಿ. ಆ ಸೊಸಿ ಇದ್ದದ್ದು ತೋರ್ಸು,” ಎಂದರು. ತೋರಿಸಿದೆ. ಸಟ್ಟುಗ ಹಿಡಿದ ಸೊಸೆ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾಳೆ.

“ಅಳಾಕತ್ತಾಳಲ್ಲ. ಯಾಕ?”

“ಗೊತ್ತಿಲ್ಲ ರೀ.”

“ನಿನಗ ಗೊತ್ತೈತಿ.” ಅತ್ತೆ ಪರದೆಯನ್ನೇ ನೋಡುತ್ತ ಹೇಳಿದರು. “ನನಗ ಯಾರು ಕೊಟ್ಟಾರ ಬೇ? ನಮ್ಮತ್ತಿ ಹೆಣಾ ತೊಳಿಯೋ ಮುಂದ ಸೊಂಟದಾಗಿನ ಕೀಲಿ ನಾನ ಬಿಚ್ಚಿ ತಗೊಂಡೆ. ಕೊಡೋದು ಹೆಂಗಂತ ನಾ ನೋಡೇ ಇಲ್ಲ.”

ನಾನು ಟಿವಿಯ ದನಿ ಸ್ವಲ್ಪ ಕಡಿಮೆ ಮಾಡಿದೆ.

“ನಾಳೆ ಬಸ್ಸಿಗೆ ಹೋಗೂಣು,” ಎಂದರು.

ಸ್ಟುಡಿಯೋದಲ್ಲಿ ಮತ್ತೆ ಕರವಸ್ತ್ರ ಕಟ್ಟಿದೆ. ಅಂಗೈ ಎತ್ತಿದೆ. ಅತ್ತೆ ಮೂಗಿನಿಂದ ಉಸಿರೆಳೆದುಕೊಂಡು, ನನ್ನ ಮುಖ ನೋಡಿ, ಒಂದೇ ಸಲಕ್ಕೆ ಆ ಮಾತನ್ನು ಹೇಳಿದರು. ಕೊನೆಯ ಪದ ಅಜ್ಜಿಯ ತಲೆಯಾಟದ ಮೇಲೆ ಸರಿಯಾಗಿ ಬಂದು ಕೂತಿತು. ನಾನು ಕೈ ಇಳಿಸಿದೆ. ಅವರು ನಿಲ್ಲಿಸಲಿಲ್ಲ.

“ಉಪ್ಪು ಮಾತ್ರ ನನ್ನ ಕೇಳಿ ಹಾಕು.”

ಮಾಲೀಕರು ನಕ್ಕುಬಿಟ್ಟರು. ನಾನು ಇನ್ನೊಮ್ಮೆ ಮಾಡಿಸೋಣ ಎಂದು ಚಿತ್ರ ಹಿಂದಕ್ಕೆ ಒಯ್ದು ನೋಡಿದರೆ, ಜಪಾನಿನ ಅಜ್ಜಿಯ ಬಾಯಿಯೂ ಮಾತು ಮುಗಿದ ಮೇಲೆ ಇನ್ನಷ್ಟು ಆಡುತ್ತಿತ್ತು. ಏನೋ ಗೊಣಗುತ್ತಾಳೆ, ಸ್ಪಷ್ಟವಿಲ್ಲ ಎಂದು ಇಂಗ್ಲಿಷ್ ಅನುವಾದದಲ್ಲಿ ಬಿಟ್ಟಿದ್ದರು. ಅತ್ತೆಯ ಉಪ್ಪು ಆ ಗೊಣಗಿನ ಮೇಲೆ ತುಟಿಗೆ ತುಟಿ ಕೂತಿತ್ತು. ಗೆಳತಿಗೆ ಕೇಳಿಸಿದೆ. ನಗು ನಿಂತ ಮೇಲೆ, ಅಜ್ಜಿ ನಿಜವಾಗಿ ಏನು ಹೇಳಿದಳೋ ಯಾರಿಗೂ ಗೊತ್ತಿಲ್ಲ, ಇಲ್ಲದ್ದನ್ನು ಅವಳ ಬಾಯಿಗೆ ಹಾಕಿದೆವು ಅನ್ನಬಾರದು ಎಂದಳು. ಚಿತ್ರದ ಒಡೆಯರಿಗೆ ಬರೆದು ಕೇಳಿದಳು. ಅವರು ಒಪ್ಪಿದರು.

ಅಂದು ಮನೆಗೆ ಬಂದ ಅತ್ತೆ ಕಾಲು ತೊಳೆದು ನೇರ ಅನ್ನದ ಪಾತ್ರೆಯ ಮುಂದೆ ಕೂತರು. ಎಂದಿನಂತೆ ಅವರೇ ಬಡಿಸಿದರು. ನಾನು ಸಟ್ಟುಗಕ್ಕೆ ಕಾಯುತ್ತಿದ್ದೆನೋ ಏನೋ, ತಟ್ಟೆ ಮುಂದೆ ಚಾಚಿದೆ.

ಮಸ್ಕಿಯ ಪ್ರದರ್ಶನಕ್ಕೆ ಸಂಘದ ಹೆಣ್ಣುಮಕ್ಕಳು ಸಭಾಭವನ ತುಂಬ ಬಂದಿದ್ದರು. ಸಟ್ಟುಗದ ಮಾತಿಗೆ ಸೊಸೆಯರು ಅತ್ತೆಯರ ಕಡೆ ತಿರುಗಿ ನೋಡಿದರು. ಉಪ್ಪಿನ ಮಾತಿಗೆ ಇಡೀ ಭವನ ನಕ್ಕಿತು. ದೀಪ ಹಾಕಿದ ಮೇಲೆ ಅತ್ತೆಯ ಸುತ್ತ ಗುಂಪು. ಕಾಲಿಗೆ ಬೀಳುವವರು, ಕೈ ಹಿಡಿಯುವವರು, “ಯವ್ವಾ, ನಮ್ಮವ್ವನ ಮಾತಾಡಿದಂಗಾತು” ಎನ್ನುವವರು. ಚಿತ್ರದ ಮೊದಲಿನಿಂದ ಕೊನೆಯವರೆಗೆ ವಿವರಣೆ ಹೇಳಿದ ದನಿ ನನ್ನದು. ಒಬ್ಬರು ಮಾತ್ರ ನನ್ನ ಕಡೆ ಬಂದರು. “ನೀವು ಅವ್ವಾರ ಜೋಡಿ ಬಂದೀರೇನ್ರೀ?”

“ಹೌದ್ರಿ. ಜೋಡಿ ಬಂದೀನಿ.”

ಅದೇ ಹಳೆಯ ಹೊಟ್ಟೆಕಿಚ್ಚು. ಕಡಿಮೆಯಾಗಿರಲಿಲ್ಲ, ಸುಳ್ಳೇಕೆ ಹೇಳಲಿ.

ಗೆಳತಿ ಧಾರವಾಡದಿಂದ ಬಂದಿದ್ದಳು. ಮುಂದಿನ ಚಿತ್ರ ಸಮುದ್ರದಲ್ಲಿ ಮುಳುಗಿ ಚಿಪ್ಪು ತರುವ ಮುದುಕಿಯರದು, ಇದೇ ದನಿ ಬೇಕು ಎಂದಳು. ಅತ್ತೆ ಆಗಲೇ ಮುಳುಗಿ ಎದ್ದವರಂತೆ ಸೆರಗು ಕೊಡವಿಕೊಂಡರು. ಜೊತೆಗಿದ್ದ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ತುರ್ವಿಹಾಳದಲ್ಲಿ ಟೀಚರು. ಒಳ್ಳೆಯ ಹುಡುಗಿ. ನನ್ನ ತೋಳು ಹಿಡಿದು ಹೇಳಿದಳು, “ಅಕ್ಕಾ, ನಿಮಗ ಮನಿ ಕೆಲಸನ ಭಾಳ ಐತಿ. ಮುಂದಿನ ಸಲ ಅತ್ತ್ಯಾರಿಗೆ ನಾ ಹೇಳಿಕೊಡ್ತೀನಿ. ಏನೈತಿ ಅದರಾಗ? ಕೈ ಎತ್ತೋದು, ಇಳಸೋದು.”

“ಬ್ಯಾಡ!”

ನನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕುರ್ಚಿ ಜೋಡಿಸುತ್ತಿದ್ದವರು ತಿರುಗಿ ನೋಡಿದರು. ನೆಗೆಣ್ಣಿ ಕೈ ಬಿಟ್ಟಳು. ಅತ್ತೆ ಗುಂಪಿನ ನಡುವಿನಿಂದ ನನ್ನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಅವರ ಕೆನ್ನೆಯಲ್ಲಿ ನಗು ಮೂಡಿತು.

“ಈಗ ಗೊತ್ತಾತೇನು ಬೇ, ಕೊಡೋದು ಹೆಂಗಿರ್ತೈತಂತ?”

ಗೊತ್ತಾಗಿತ್ತು. ಆದರೂ ನಾನು ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.